ಜೀಪಿನ ಹಿಂದೊಂದು ಮನೆ

ಏಪ್ರಿಲ್ 3

ಮಗನಿಗೆ,

ಮೊನ್ನೆ ನೀನು ಫೋನು ಮಾಡಿದಾಗ ಅರ್ಧ ಮಾತು ಕೇಳಿಸಿತು. ಉಳಿದರ್ಧವನ್ನು ನಾನೇ ಊಹಿಸಿಕೊಂಡು ನಿನ್ನ ಮೇಲೆ ರೇಗಿದೆ. ಆಮೇಲೆ ಯೋಚಿಸಿದರೆ ನೀನು ಕೇಳಿದ್ದು ‘ಊಟ ಆಯ್ತಾ’ ಅಂತಲೇ ಇರಬೇಕು ಅನ್ನಿಸಿತು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲೇ ಕೂತು ಅಷ್ಟು ವರ್ಷ ಹಾಸಿಗೆ ಬಟ್ಟೆ ಹೊಲಿದದ್ದಕ್ಕೆ ಸಿಕ್ಕ ಪಿಂಚಣಿ ಈ ಕಿವಿ. ಇನ್ನು ಮೇಲೆ ಕಾಗದವೇ ಸರಿ. ಕಾಗದದಲ್ಲಿ ನೀನು ಹೇಳಿದ್ದು ಹೇಳಿದ ಹಾಗೇ ಇರುತ್ತದೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮನೆಯಲ್ಲಿಲ್ಲ. ಒಂದು ದೊಡ್ಡ ಸರೋವರದ ದಡದಲ್ಲಿ, ಜೀಪಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರಿನೊಳಗೆ, ಮಡಚುವ ಮೇಜಿನ ಮುಂದೆ ಕೂತಿದ್ದೇನೆ. ಯಾವ ಟ್ರೇಲರ್ ಅಂದರೆ ನೀನೂ ನಿನ್ನ ಹೆಂಡತಿಯೂ ಸೇರಿ ಕೊಂಡಿದ್ದೇ. ಬೇರೆಯಾದಾಗ ನನಗೆ ಬೇಡ ಅಂತ ನೀನು ಅವಳಿಗೇ ಬಿಟ್ಟೆಯಲ್ಲ, ಅದು. ಅವಳು ಬಸ್ಸು ಓಡಿಸುವ ಶಾಲೆಗೆ ರಜೆ ಬಿದ್ದಿದೆ. ಬಸ್ಸಿನ ಮಕ್ಕಳು ಅವಳನ್ನು ಡ್ರೈವರಮ್ಮ ಅನ್ನುತ್ತಾರೆ, ಈಗ ನನ್ನ ಬಾಯಿಗೂ ಅದೇ ಬರುತ್ತದೆ. “ಒಬ್ಬಳೇ ಹೋಗೋಕೆ ಬೇಜಾರು, ಬರ್ತೀರಾ?” ಅಂದಳು. ಬಂದೆ.

ಸುಖವಾಗಿ ಬಂದೆವು ಅಂತ ಬರೆದರೆ ಸುಳ್ಳಾಗುತ್ತದೆ. ಚಾವಣಿಯ ಗಾಳಿಕಿಂಡಿ ಮುಚ್ಚುವುದನ್ನು ಇಬ್ಬರೂ ಮರೆತಿದ್ದೆವು. ದಾರಿಯುದ್ದಕ್ಕೂ ಮಳೆ. ಬಂದು ಬಾಗಿಲು ತೆಗೆದರೆ ನನ್ನ ಹಾಸಿಗೆ ಹೊಟ್ಟೆ ತುಂಬಾ ನೀರು ಕುಡಿದಿತ್ತು. ಪಾತ್ರೆಗಳೆಲ್ಲ ಕಪಾಟಿನಿಂದ ಇಳಿದು ನೆಲದ ಮೇಲೆ ನಮ್ಮನ್ನೇ ಕಾಯುತ್ತಿದ್ದವು. ಪುಣ್ಯಕ್ಕೆ ಎಲ್ಲವೂ ಸ್ಟೀಲಿನವು. ನೀರಿನ ಪಂಪು ಗೊರಕೆ ಹೊಡೆಯುತ್ತದೆಂದು ಅವಳು ದೂರುತ್ತಾಳೆ. ನನಗದು ಕೇಳಿಸುವುದಿಲ್ಲವಾದ್ದರಿಂದ ಈ ಗಾಡಿಯಲ್ಲಿ ಚೆನ್ನಾಗಿ ನಿದ್ದೆ ಮಾಡುವವಳು ನಾನೊಬ್ಬಳೇ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮೆಟ್ಟಿಲ ಕೆಳಗೇ ಸರೋವರ. ಆಚೆ ದಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಹಲ್ಲುಜ್ಜುತ್ತಾ ಅದನ್ನೇ ನೋಡುತ್ತಿದ್ದೆ. ನನ್ನ ವಯಸ್ಸಿಗೆ ಇದು ಸಾಲದೆ ಅನ್ನಿಸಿತು. ಆಮೇಲೆ ಸಾಲದು, ಇನ್ನೊಂದು ಊರು ನೋಡೋಣ ಅಂತಲೂ ಅನ್ನಿಸಿತು.

ನೀನು ರಿಪೇರಿ ಮಾಡುವ ಲಿಫ್ಟುಗಳು ಹೇಗಿವೆ? ಬೆನ್ನು ನೋವಿದ್ದರೆ ಭಾರ ಎತ್ತಬೇಡ.

ನಿನ್ನ ಅಮ್ಮ

*

ಏಪ್ರಿಲ್ 19

ಅಮ್ಮ,

ಕಾಗದ ತಲುಪಿತು. ಎರಡು ಸಲ ಓದಿದೆ.

ಹೋಗಲು ನಿನಗೆ ಬೇರೆ ಯಾರೂ ಸಿಗಲಿಲ್ಲವೆ? ನಾನು ಆ ಊರು ಬಿಟ್ಟು ಬಂದದ್ದೇ ಆ ಬದುಕು ಮುಗಿಯಲಿ ಅಂತ. ಇಲ್ಲಿ ನಾನು ಮುಗಿಸುತ್ತಿದ್ದರೆ ಅಲ್ಲಿ ನೀನು ಅದೇ ಗಾಡಿಗೆ ಪರದೆ ಹೊಲಿದು ಹಾಕುತ್ತಿದ್ದೀಯ. ಹೊಲಿದಿರುತ್ತೀಯ, ನನಗೆ ಗೊತ್ತು.

ನಾನು ಮತ್ತೆ ಮದುವೆಯಾಗುತ್ತಿದ್ದೇನೆ. ಅವಳಿಗೆ ಕನ್ನಡಕದ ಅಂಗಡಿ ಇದೆ. ಅಂಗಡಿಯ ಮೇಲೆಯೇ ಮನೆ. ಅಲ್ಲಿ ಲಿಫ್ಟು ಕೆಟ್ಟಾಗ ಸರಿಮಾಡಲು ಹೋಗಿದ್ದೆ, ಹಾಗೆ ಪರಿಚಯ. ಸೆಪ್ಟೆಂಬರ್ ಕೊನೆಗೆ ನೋಂದಣಿ ಕಚೇರಿಯಲ್ಲಿ ಸಹಿ, ಆಮೇಲೆ ಮನೆಯಲ್ಲಿ ಊಟ. ನಿನಗೊಂದು ಕೋಣೆ ತೆಗೆದಿಟ್ಟಿದ್ದೇವೆ. ರಸ್ತೆ ಕಾಣುವ ಕಿಟಕಿ ಇರುವ ಕೋಣೆ. ಬಂದು ನಮ್ಮ ಜೊತೆಗಿರು. ಆ ತಿರುಗಾಟವನ್ನು ಇಲ್ಲಿಗೇ ನಿಲ್ಲಿಸು.

ಮಗ

*

ಮೇ 6

ಮಗನಿಗೆ,

ಮದುವೆಯ ಸುದ್ದಿ ಓದಿ ಸಂತೋಷವಾಯಿತು. ಇದನ್ನು ಶಿಷ್ಟಾಚಾರಕ್ಕೆ ಬರೆಯುತ್ತಿಲ್ಲ. ಒಬ್ಬನೇ ನಿಂತುಕೊಂಡು ಪಾತ್ರೆಯಿಂದಲೇ ಊಟ ಮಾಡುವವನು ನೀನು. ಎದುರಿಗೊಬ್ಬರು ಕೂತಿದ್ದರೆ ತಟ್ಟೆಗೆ ಹಾಕಿಕೊಳ್ಳುತ್ತೀಯ. ಮದುವೆಗೆ ಬರುತ್ತೇನೆ. ಕೋಣೆಯ ವಿಷಯ ಆಮೇಲೆ ನೋಡೋಣ.

ತಿರುಗಾಟ ನಿಲ್ಲಿಸು ಅಂದೆಯಲ್ಲ. ಬೇರೆಯಾಗುತ್ತೇವೆ ಅಂತ ಸಹಿ ಹಾಕಿದವರು ನೀವಿಬ್ಬರು. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹಾಕುತ್ತಿರಲಿಲ್ಲ. ನಿನ್ನನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಯಾರದು ತಪ್ಪು ಅಂತ ನಾನು ಯಾವತ್ತೂ ಕೇಳಿಲ್ಲ, ಅವಳೂ ಹೇಳಿಲ್ಲ. ನಿನ್ನ ಸುದ್ದಿ ಬಂದರೆ ಅವಳು ಜೀಪಿನ ಎಣ್ಣೆ ನೋಡಲು ಹೋಗುತ್ತಾಳೆ. ಹಾಗಾಗಿ ಆ ಜೀಪಿನ ಎಣ್ಣೆ ಯಾವತ್ತೂ ಕಡಿಮೆಯಾಗುವುದಿಲ್ಲ.

ಈ ಸಲದ ಪ್ರವಾಸ ಹಾಳಾಗಿ ಹೋಯಿತು. ಇದನ್ನು ಕೇಳಿ ನಿನಗೆ ಸ್ವಲ್ಪ ಸಮಾಧಾನವಾಗಬಹುದು. ಬೆಟ್ಟದ ಮೇಲಿನ ಪಾರ್ಕು. ದೇಶದಲ್ಲೇ ಎತ್ತರದ ಜಲಪಾತ ಅಂತ ಫಲಕ ಹಾಕಿದ್ದರು. ನಾವು ಕಂಡದ್ದು ಆ ಫಲಕವನ್ನು ಮಾತ್ರ. ಅದರ ಹಿಂದೆ ಬರೀ ಮಂಜು. ಗ್ಯಾಸು ಅಡುಗೆಯ ಮಧ್ಯದಲ್ಲೇ ಮುಗಿಯಿತು, ಅರೆಬೆಂದ ಆಲೂಗಡ್ಡೆ ತಿಂದೆವು. ಪಕ್ಕದ ಗಾಡಿಯವರ ಜನರೇಟರು ಹೊಗೆ ಉಗುಳುತ್ತಿತ್ತು. ಡ್ರೈವರಮ್ಮ ಹೋಗಿ ವಿನಯದಿಂದ ಕೇಳಿಕೊಂಡಳು, ಅವರು ವಿನಯದಿಂದ ಇಲ್ಲ ಅಂದರು. ನಮಗೂ ಜಗಳವಾಯಿತು. ಒದ್ದೆ ಕಾಲುಚೀಲವನ್ನು ಒಲೆಯ ಮೇಲೆ ಒಣಗಿಸಬೇಡ ಅಂದೆ. “ನನ್ನ ಗಾಡಿ, ನನ್ನ ಒಲೆ” ಅಂದಳು. ನಾನು ಕೊಡೆ ಹಿಡಿದು ಹೊರಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಅವಳೂ ಬಂದು ಕೊಡೆಯೊಳಗೆ ನಿಂತಳು.

ವಾಪಸು ಹೊರಡುವಾಗ ಚಕ್ರ ಕೆಸರಿನಲ್ಲಿ ಹೂತಿತ್ತು. ಪಾರ್ಕಿನವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದಾಗ ಒಮ್ಮೆಗೇ ಮಂಜು ಸರಿದು ಜಲಪಾತ ಕಾಣಿಸಿಕೊಂಡಿತು. ಎಲ್ಲರೂ ಕೆಲಸ ಬಿಟ್ಟು ನೋಡಿದೆವು. ಟ್ರ್ಯಾಕ್ಟರಿನವನೂ ಇಳಿದ. “ದಿನಾ ನೋಡ್ತೀರಲ್ಲ” ಅಂದೆ. “ದಿನಾ ಎಲ್ಲಿ ಕಾಣುತ್ತೆ?” ಅಂದ.

ಪರದೆ ಹೊಲಿದದ್ದು ನಿಜ. ಹಳದಿ ಬಣ್ಣದ್ದು.

ನಿನ್ನ ಅಮ್ಮ

*

ಜೂನ್ 1

ಅಮ್ಮ,

ಎದುರಿಗಿದ್ದರೆ ಇದನ್ನು ಹೇಳುತ್ತಿರಲಿಲ್ಲ. ಕಾಗದ ಅಂದವಳು ನೀನೇ.

ಯಾರದು ತಪ್ಪು ಅಂತ ಕೇಳಿಲ್ಲ ಅಂದೆ. ಅದೇ ನನ್ನ ದೂರು. ನೀನು ಅವಳನ್ನು ಕೇಳದಿದ್ದರೆ ಹೋಗಲಿ. ನನ್ನನ್ನಾದರೂ ಕೇಳಬಹುದಿತ್ತು.

ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ನಿಮ್ಮಿಬ್ಬರ ಮಾತು, ನಗು ಅಡುಗೆಮನೆಯಿಂದ ಕೆಳಗಿನವರೆಗೂ ಕೇಳಿಸುತ್ತಿತ್ತು. ನಾನು ಬಾಗಿಲು ತೆಗೆದ ಕೂಡಲೇ ನಿಂತುಹೋಗುತ್ತಿತ್ತು. ಒಂದು ದಿನದ ಮಾತಲ್ಲ ಇದು. ಏನು ಮಾತಾಡುತ್ತಿದ್ದಿರಿ ಅಂತ ಕೇಳಿದರೆ ‘ಏನಿಲ್ಲ’. ನನ್ನ ಮನೆಗೆ ನಾನೇ ನೆಂಟನ ಹಾಗೆ ಬರುತ್ತಿದ್ದೆ. ನೆಂಟ ಬಂದರೆ ಕೂತ್ಕೊಳ್ಳಿ ಅನ್ನುತ್ತಾರೆ, ನನಗೆ ಅದೂ ಇರಲಿಲ್ಲ.

ಆ ಟ್ರೇಲರಿಗೆ ಆಸೆಪಟ್ಟವನು ನಾನು. ಮೂವರೂ ಸೇರಿ ಹೋದರೆ ಎಲ್ಲ ಸರಿಹೋದೀತು ಅಂದುಕೊಂಡಿದ್ದೆ. ಮೊದಲ ಸಲ ಹೋದದ್ದು ನಿನಗೆ ನೆನಪಿರಬೇಕು. ಹಿಂದಕ್ಕೆ ತೆಗೆಯಲು ಹೋಗಿ ಮರಕ್ಕೆ ಗುದ್ದಿದೆ. ನೀವಿಬ್ಬರೂ ಮರದ ಪಕ್ಕ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಏನಾಯಿತೋ ಅಂತ ನಾನು ಇಳಿದು ಬಂದೆ. ನಗು ನಿಂತಿತು. ನನ್ನನ್ನೂ ನಗಲು ಬಿಟ್ಟಿದ್ದರೆ ಏನಾಗುತ್ತಿತ್ತು?

ಈಗ ನೀವು ಅದೇ ಗಾಡಿಯಲ್ಲಿ ಹೋಗುತ್ತೀರಿ. ಸರೋವರ, ಜಲಪಾತ ಅಂತ ಬರೆಯುತ್ತೀಯ. ನಾನು ಇಲ್ಲಿ ಓದುತ್ತೇನೆ.

ಮಗ

*

ಜುಲೈ 18

ನನ್ನ ಕನ್ನಡಕದವಳಿಗೆ,

ಫೋನು ಇಲ್ಲಿ ಸಿಗುವುದಿಲ್ಲ. ಪಂಕ್ಚರ್ ಅಂಗಡಿಯ ಮುಂದೆ ಕೂತಿದ್ದೇನೆ. ಅಂಗಡಿಯವನು ಊಟಕ್ಕೆ ಹೋಗಿದ್ದಾನೆ. ಎದುರಿಗೇ ಅಂಚೆ ಡಬ್ಬಿ ಇದೆ. ಅಮ್ಮನನ್ನು ಅವಳ ಊರಿಗೆ ಬಿಟ್ಟು ನಾನು ಮನೆಗೆ ಬರುವುದರೊಳಗೆ ಇದು ನಿನಗೆ ಸಿಗಬಹುದು. ನೀನು ಬಾಗಿಲು ತೆಗೆಯುವಾಗ ವಿಷಯ ನಿನಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಅವಸರದಲ್ಲಿ ಹೊರಟಾಗ ‘ಅಮ್ಮ ಪಾರ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ’ ಅಂದಿದ್ದೆ. ಆಗಿದ್ದಿಷ್ಟು. ಟ್ರೇಲರಿನ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿ ಅವಳ ಮಣಿಕಟ್ಟು ಮುರಿದಿದೆ. ಅವಳು ಅಂದರೆ ನನ್ನ ಮೊದಲ ಹೆಂಡತಿ. ಅಮ್ಮನಿಗೆ ಗಾಡಿ ಓಡಿಸಲು ಬರುವುದಿಲ್ಲ. ಆ ಜಾಗ ಮರುದಿನದಿಂದ ಬೇರೆಯವರಿಗೆ ಕಾದಿರಿಸಿತ್ತು, ಖಾಲಿ ಮಾಡಲೇಬೇಕಿತ್ತು. ನನ್ನನ್ನು ಕರೆಯುವುದು ಬೇಡವೇ ಬೇಡ ಅಂತ ಅವಳು ಹಟ ಹಿಡಿದಳಂತೆ. ಅಮ್ಮ ಅವಳಿಗೆ ಹೇಳದೆ ಪಾರ್ಕಿನ ಕಚೇರಿಗೆ ಹೋಗಿ ಫೋನು ಹಚ್ಚಿಸಿದಳು. ಅಮ್ಮ ಫೋನಿನಲ್ಲಿ ಆಡಿದ ಮಾತು ಇಷ್ಟೇ: “ನಂಗೆ ಕೇಳ್ಸಲ್ಲ. ನಾನು ಹೇಳ್ತೀನಿ, ನೀನು ಕೇಳು. ಡ್ರೈವರಮ್ಮ ಕೈ ಮುರ್ಕೊಂಡಿದ್ದಾಳೆ. ಬಾ.” ಆಮೇಲೆ ಪಾರ್ಕಿನ ಗುಮಾಸ್ತೆ ಫೋನು ತೆಗೆದುಕೊಂಡು ದಾರಿ ಹೇಳಿದಳು.

ನಾನು ಹೋದಾಗ ಅವಳು ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. “ಬಂದ್ಯಾ” ಅಂದಳು. “ಬಂದೆ” ಅಂದೆ. ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು. ಮುಂದೆ ನಾವಿಬ್ಬರು, ಹಿಂದೆ ಕೆಟಲನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ, ಅದರ ಹಿಂದೆ ಹಳದಿ ಪರದೆಯ ಆ ಮನೆ. ಹೊರಟೆವು. ಇಳಿಜಾರಿನ ದಾರಿ. ಬ್ರೇಕು ಸುಟ್ಟ ವಾಸನೆ ಬರುತ್ತಿತ್ತು. “ಎರಡನೇ ಗೇರು” ಅಂದಳು. “ಗೊತ್ತು” ಅಂದೆ. ನಿಜವಾಗಿ ಗೊತ್ತಿರಲಿಲ್ಲ. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿದಳು, ನಾನು ರಸ್ತೆ ನೋಡಿದೆ.

ಹಿಂದಿನಿಂದ ಅಮ್ಮ, “ಮಾತಾಡೋದಿದ್ರೆ ಸ್ವಲ್ಪ ಜೋರಾಗಿ ಮಾತಾಡಿ. ನಂಗೇನೂ ಕೇಳಿಸ್ತಿಲ್ಲ” ಅಂದಳು.

“ನಾವು ಮಾತಾಡ್ತಿಲ್ಲ” ಅಂತ ಇವಳು ಕೂಗಿದಳು.

“ಹಾಗಾದ್ರೆ ಮಾತಾಡಿ” ಅಂದಳು ಅಮ್ಮ.

ನಗು ಬಂತು. ಮೊದಲು ಅವಳಿಗೋ ನನಗೋ ಗೊತ್ತಿಲ್ಲ. ಅಲ್ಲಿಂದ ಬೆಟ್ಟ ಇಳಿಯುವವರೆಗೂ ಕೂಗಿ ಕೂಗಿ ಮಾತಾಡಿದೆವು. ಬಸ್ಸಿನಲ್ಲಿ ಕಪ್ಪೆ ತಂದ ಮಗುವಿನ ಕಥೆ ಅವಳು ಹೇಳಿದಳು. ಲಿಫ್ಟಿನಲ್ಲಿ ಸಿಕ್ಕಿಕೊಂಡ ನ್ಯಾಯಾಧೀಶರು ಹೊರಗೆ ಬಂದು ನನ್ನನ್ನೇ ಬೈದ ಕಥೆ ನಾನು ಹೇಳಿದೆ. ಕೂಗಿ ಹೇಳುವಾಗ ಮಾತಿಗೆ ಮುಳ್ಳು ಸೇರಿಸಲು ಆಗುವುದಿಲ್ಲ. ಮದುವೆಯಾಗಿದ್ದಷ್ಟು ಕಾಲ ನಾವು ಹೀಗೆ ಮಾತಾಡಿರಲಿಲ್ಲ.

ಒಂದು ತಿರುವಿನಲ್ಲಿ ಆಳವಾದ ಕಣಿವೆ ಕಂಡಿತು, ನಿಲ್ಲಿಸಲೇಬೇಕು ಅಂದಳು ಅಮ್ಮ. ಟ್ರೇಲರ್ ನಿಲ್ಲಿಸಲು ಅಲ್ಲಿ ಜಾಗ ತೀರಾ ಇಕ್ಕಟ್ಟಾಗಿತ್ತು. ಇವಳು ಇಳಿದು, ಸರಿಯಿದ್ದ ಕೈಯಿಂದ ಸನ್ನೆ ಮಾಡಿ ನನ್ನನ್ನು ಹಿಂದಕ್ಕೆ ಬರಮಾಡಿದಳು. ಗುದ್ದದೆ ನಿಲ್ಲಿಸಿದೆ. ಅಮ್ಮ ರಸ್ತೆಯಂಚಿನ ಕಂಬಿಯ ಹತ್ತಿರ ಹೋಗಿ ಕಣಿವೆ ನೋಡುತ್ತಾ ನಿಂತಳು. ಆಗ ಕೇಳಿಬಿಟ್ಟೆ. ನಾನು ಬಂದ ಕೂಡಲೇ ನೀವಿಬ್ಬರೂ ಯಾಕೆ ಸುಮ್ಮನಾಗುತ್ತಿದ್ದಿರಿ ಅಂತ.

ಅವಳಿಗೆ ಆಶ್ಚರ್ಯವಾಯಿತು. “ಬಾಗಿಲಲ್ಲಿ ಬೂಟು ಬಿಚ್ಚುವಾಗ ನಿನ್ನ ಮುಖ ನೀನು ನೋಡ್ಕೊಂಡಿದ್ದೀಯಾ? ಯಾರೋ ಸತ್ತ ಸುದ್ದಿ ಹೇಳೋಕೆ ಬಂದವನ ಹಾಗಿರ್ತಿದ್ದೆ. ಏನೋ ಹೇಳ್ತೀಯೇನೋ ಅಂತ ಕಾಯ್ತಿದ್ವಿ. ನೀನು ಹೇಳ್ತಿರ್ಲಿಲ್ಲ” ಅಂದಳು.

ಈಗಲೂ ಅದನ್ನೇ ಯೋಚಿಸುತ್ತಾ ಕೂತಿದ್ದೇನೆ.

ನಿನ್ನಿಂದ ಏನನ್ನೂ ಮುಚ್ಚಿಡಬಾರದೆಂದು ಬರೆದೆ. ಹಾಗಂತ ಮತ್ತೆ ಆ ಬದುಕಿಗೆ ಹೋಗಬೇಕೆಂದು ನನಗೆ ಅನ್ನಿಸಿಲ್ಲ, ಅವಳಿಗೂ ಅನ್ನಿಸಿಲ್ಲ. ಮನೆಗೆ ಬಂದಾಗ ನನ್ನ ಮುಖ ಹೇಗಿರುತ್ತದೆ ಅಂತ ನೀನು ನೋಡಿ ಹೇಳಬೇಕು. ಕಣ್ಣು ಪರೀಕ್ಷೆ ಮಾಡುವವಳು ನೀನಲ್ಲವೆ. ಅಂಗಡಿಯವನು ಬಂದ.

ನಿನ್ನವನು

*

ಆಗಸ್ಟ್ 4

ಮಗನಿಗೆ,

ನಿನ್ನ ಜೂನ್ ಕಾಗದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ. ಅಷ್ಟರಲ್ಲಿ ನೀನೇ ಬಂದೆ. ನೀನು ಕೆಳಗೆ ಕೂತು ಜೀಪಿಗೆ ಟ್ರೇಲರಿನ ಕೊಂಡಿ ಹಾಕುವುದನ್ನು ಕಿಟಕಿಯಿಂದ ನೋಡಿದೆ. ಎರಡು ಸಲ ಎಳೆದು ನೋಡಿ, ಸರಿಯಿದೆ ಅಂತ ಖಾತ್ರಿಯಾದ ಮೇಲೆ ಎದ್ದೆ. ನಿನ್ನನ್ನು ಕೇಳಬೇಕಾದ್ದನ್ನು ಇನ್ನು ಎದುರಿಗೇ ಕೇಳುತ್ತೇನೆ. ನೀನು ಜೋರಾಗಿ ಉತ್ತರ ಹೇಳಬೇಕು.

ಡ್ರೈವರಮ್ಮನ ಪ್ಲಾಸ್ಟರು ಇನ್ನೂ ಇದೆ. ಅದರ ಮೇಲೆ ಬಸ್ಸಿನ ಮಕ್ಕಳೆಲ್ಲ ಚಿತ್ರ ಬರೆದಿದ್ದಾರೆ. ಮದುವೆಯ ಹೊತ್ತಿಗೆ ಕೈ ಸರಿಹೋಗುತ್ತದಂತೆ. ನಿಮ್ಮ ಊರಿಗೆ ಬರಲು ನನಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಸಾಕಾಗುತ್ತದೆ, ನಿಲ್ದಾಣದಲ್ಲಿ ಕೂಗಿ ಹೇಳುವುದು ಕೇಳಿಸುವುದೂ ಇಲ್ಲ. ಅವಳೇ ತಂದು ಬಿಡುತ್ತಾಳೆ. ಮನೆಯವರೆಗೆ ಬರುವುದಿಲ್ಲವಂತೆ, ರಸ್ತೆಯ ಮೂಲೆಯಲ್ಲಿ ಇಳಿಸಿ ಹೋಗುತ್ತಾಳಂತೆ. ಚಳಿಗಾಲ ಕಳೆಯುವವರೆಗೆ ನಿಮ್ಮ ಜೊತೆಗಿರುತ್ತೇನೆ. ಆ ಕೋಣೆಯನ್ನು ನೋಡಿದ ಹಾಗೂ ಆಗುತ್ತದೆ.

ನಿನ್ನ ಹುಡುಗಿಯ ಮದುವೆಯ ಉಡುಪಿನ ಅಂಚು ಉದ್ದವಾಗಿದ್ದರೆ ಅಂಗಡಿಯಲ್ಲಿ ಕತ್ತರಿಸಲು ಬಿಡಬೇಡಿ. ನಾನು ಬಂದು ಮಡಚಿ ಹೊಲಿಯುತ್ತೇನೆ.

ನಿನ್ನ ಅಮ್ಮ

*

ಸೆಪ್ಟೆಂಬರ್ 30

ಡ್ರೈವರಮ್ಮನಿಗೆ,

ನೀನು ಕ್ಷೇಮವಾಗಿ ತಲುಪಿದ್ದು ನಿನ್ನ ಕಾರ್ಡಿನಿಂದ ತಿಳಿಯಿತು.

ಮದುವೆ ಚೆನ್ನಾಗಿ ಆಯಿತು. ನನ್ನಿಂದಲೂ ಒಂದು ಸಹಿ ಹಾಕಿಸಿದರು, ಸಾಕ್ಷಿ ಅಂತ. ಹುಡುಗಿ ಗಟ್ಟಿಗಿತ್ತಿ. ಬಂದ ಮೊದಲನೇ ದಿನವೇ ನನ್ನ ಬಲಗಿವಿ ಸ್ವಲ್ಪ ವಾಸಿ ಅಂತ ಕಂಡುಹಿಡಿದು, ಯಾವಾಗಲೂ ಆ ಕಡೆಯೇ ಕೂರುತ್ತಾಳೆ. ನನ್ನ ಕನ್ನಡಕವನ್ನು ಕೇಳದೆಯೇ ತೆಗೆದುಕೊಂಡು ಹೋಗಿ ಕಡ್ಡಿ ಬಗ್ಗಿಸಿ ಸರಿಮಾಡಿ ತಂದಳು. ಮಗ ಕೆಲಸದಿಂದ ಬಂದರೆ, ಅವನು ಬೂಟು ಬಿಚ್ಚುವ ಮೊದಲೇ “ಏನಾಯ್ತು ಇವತ್ತು, ಹೇಳಿ” ಅನ್ನುತ್ತಾಳೆ. ಅವನು ಹೇಳುತ್ತಾನೆ. ಒಮ್ಮೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು.

ನಿನ್ನನ್ನು ಒಂದು ವಿಷಯ ಕೇಳಬೇಕು. ಮದುವೆಯ ದಿನ ನನ್ನನ್ನು ಇಳಿಸಿದ ಮೇಲೆ ನೀನು ಕೂಡಲೇ ಹೊರಡಲಿಲ್ಲ. ಊಟಕ್ಕೆ ಕೂತಾಗ ಕಿಟಕಿಯಿಂದ ನೋಡಿದರೆ ಟ್ರೇಲರ್ ಮೂಲೆಯಲ್ಲೇ ಇತ್ತು. ಹುಡುಗಿಯೂ ನೋಡಿದ್ದಾಳೆ. ಒಂದು ತಟ್ಟೆಗೆ ಊಟ ಬಡಿಸಿ ಇವನ ಕೈಗೆ ಕೊಟ್ಟು, “ಒಬ್ಬರೇ ಗಾಡೀಲಿ ಕೂತಿದ್ದಾರೆ. ಕೊಟ್ಟು ಬನ್ನಿ” ಅಂದಳು. ಇವನು ಹೊಸ ಕೋಟು ಹಾಕಿಕೊಂಡು ತಟ್ಟೆ ಹಿಡಿದು ರಸ್ತೆ ದಾಟಿದ. ನಾವಿಬ್ಬರೂ ಕಿಟಕಿಯಲ್ಲಿ ನಿಂತೆವು.

ಇವನು ಏನೋ ಹೇಳಿದ. ನೀನು ಏನೋ ಕೇಳಿದೆ. ಇವನು ತಟ್ಟೆ ಹಿಡಿದುಕೊಂಡೇ ತುಂಬಾ ಹೊತ್ತು ನಿಂತ. ಆಮೇಲೆ ಮತ್ತೇನೋ ಹೇಳಿದ. ನೀನು ತಟ್ಟೆ ತೆಗೆದುಕೊಂಡು ಮುಖ ಆ ಕಡೆ ತಿರುಗಿಸಿದೆ. “ಏನ್ ಮಾತಾಡ್ತಿದ್ದಾರೆ ಅತ್ತೆ?” ಅಂತ ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು. ಕೇಳಲು ಸಿಕ್ಕವಳು ಕಿವಿ ಕೇಳದ ನಾನು. ಬಂದ ಮೇಲೆ ಇವನನ್ನು ಕೇಳಿದರೆ “ಊಟ ಕೊಟ್ಟೆ” ಅಂದ, ಅಷ್ಟೇ.

ಏನು ಹೇಳಿದ?

ಈ ಕೋಣೆ ಬೆಚ್ಚಗಿದೆ. ಕಿಟಕಿಯಿಂದ ರಸ್ತೆ ಕಾಣುತ್ತದೆ. ಅಕ್ಟೋಬರ್ ರಜೆಯಲ್ಲಿ ನೀನು ಎಲ್ಲಿಗೆ ಹೋಗುತ್ತೀಯೋ ಏನೋ. ನಾನು ಕೇಳುತ್ತಿಲ್ಲ, ಸುಮ್ಮನೆ ಬರೆದೆ.

ಇಲ್ಲಿಂದ ನಾನು

*

ಅಕ್ಟೋಬರ್ 9

ಅತ್ತೆ,

ನಿಮ್ಮ ಕಾಗದ ಬಂದಾಗ ನಾನು ಊರಲ್ಲಿರಲಿಲ್ಲ. ಶನಿವಾರ, ಭಾನುವಾರ ಸೇರಿಸಿಕೊಂಡು ಒಬ್ಬಳೇ ಹೋಗಿದ್ದೆ. ನೀವು ಅಲ್ಲಿ ನೆಲೆಯಾದ ಮೇಲೆ ಇನ್ನು ಕರೆಯುವುದು ಸರಿಯಲ್ಲ, ಒಬ್ಬಳೇ ರೂಢಿ ಮಾಡಿಕೊಳ್ಳೋಣ ಅಂತ.

ಜೌಗು ನೆಲದ ಪಾರ್ಕು. ಹಕ್ಕಿಗಳು ಲೆಕ್ಕವಿಲ್ಲದಷ್ಟು. ಮರದ ಹಲಗೆ ಹಾಸಿದ ದಾರಿಯಲ್ಲಿ ನಡೆದುಹೋದರೆ ಎರಡೂ ಕಡೆ ನೀರು, ನೀರಿನ ತುಂಬಾ ಆಕಾಶ. ಈ ಸಲ ಗಾಳಿಕಿಂಡಿ ಮುಚ್ಚಿದ್ದೆ, ಗ್ಯಾಸು ತುಂಬಿಸಿದ್ದೆ, ಮಳೆ ಬರಲಿಲ್ಲ, ಪಕ್ಕದವರು ಸದ್ದು ಮಾಡಲಿಲ್ಲ. ಒಂದೂ ತೊಂದರೆಯಾಗಲಿಲ್ಲ. ಇಷ್ಟು ಸಪ್ಪೆ ಪ್ರವಾಸ ನಾನು ಮಾಡಿಯೇ ಇಲ್ಲ. ಒಂದು ದೊಡ್ಡ ಬಿಳಿ ಹಕ್ಕಿ ನಮ್ಮ ಮೆಟ್ಟಿಲ ಹತ್ತಿರವೇ ಬಂದು ನಿಂತಾಗ ‘ಅತ್ತೇ, ಇಲ್ಲಿ ನೋಡಿ’ ಅಂತ ಕೂಗಿಬಿಟ್ಟೆ. ಹಕ್ಕಿ ಹಾರಿಹೋಯಿತು. ಪಕ್ಕದ ಗಾಡಿಯಿಂದ ಒಬ್ಬರು ತಲೆ ಹೊರಗೆ ಹಾಕಿ ಏನಾಯಿತು ಅಂತ ಕೇಳಿದರು.

ನನ್ನ ಕೈ ಪೂರ್ತಿ ವಾಸಿಯಾಗಿದೆ. ಶಾಲೆಗೆ ಹದಿನೇಳರಿಂದ ರಜೆ. ಮರಗಳೆಲ್ಲ ಕೆಂಪಾಗುವ ಕಾಡೊಂದಿದೆಯಂತೆ, ನಿಮ್ಮ ಊರಿನಿಂದ ಹತ್ತಿರ. ಬೆಳಿಗ್ಗೆ ಬಂದು ಅದೇ ಮೂಲೆಯಲ್ಲಿ ನಿಲ್ಲಿಸುತ್ತೇನೆ. ನಿಮ್ಮ ಬೀದಿಯಲ್ಲಿ ಟ್ರೇಲರ್ ತಿರುಗಿಸಲು ಜಾಗವಿಲ್ಲ. ಚಳಿ ಇರುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಬರುವುದಿಲ್ಲ ಅನ್ನಿಸಿದರೆ ಒಂದು ಸಾಲು ಬರೆದು ಹಾಕಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ತೋರಿಸುವುದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ನಿಮ್ಮ ಮಗ ತಟ್ಟೆ ಹಿಡಿದು ಬಂದು, “ಇಲ್ಲೇ ಕೂತು ತಿನ್ನೋದೇನು, ಮೇಲೆ ಬಾ. ಎಲ್ರೂ ಇದ್ದಾರೆ” ಅಂದ. “ಬಂದ್ರೆ ನನ್ನ ಯಾರು ಅಂತ ಹೇಳ್ತೀಯ?” ಅಂತ ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ಅಲ್ಲಿ ಅವಳ ಕಡೆಯವರೆಲ್ಲ ಇದ್ದರು. ಅವನು ನಿಂತ, ನಾನೂ ಕಾದೆ. ಊಟ ಆರಿಹೋಗುತ್ತಿತ್ತು.

ಕೊನೆಗೆ, “ಅಮ್ಮನ ಸೊಸೆ ಅಂತೀನಿ” ಅಂದ.

ನಾನು ಮೇಲೆ ಬರಲಿಲ್ಲ. ಬೂಟಿಗೆಲ್ಲ ಗ್ರೀಸು ಮೆತ್ತಿತ್ತು. ಗಾಡಿಯಲ್ಲೇ ಕೂತು ಎಲ್ಲವನ್ನೂ ಬಿಡದೆ ತಿಂದೆ. ತಟ್ಟೆ ತೊಳೆದು ಕಪಾಟಿನಲ್ಲಿಟ್ಟಿದ್ದೇನೆ. ಹದಿನೇಳಕ್ಕೆ ಬಂದಾಗ ನಾನೇ ಮೇಲೆ ಬಂದು ಕೊಡುತ್ತೇನೆ.

ಡ್ರೈವರಮ್ಮ